ಜಯಮ್ಮನವರ ಕೈಗುಣ ಮತ್ತು ಎರಡನೇ ಕೇಬಲ್

ನೆಟ್‌ವರ್ಕ್ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ಒಬ್ಬೊಬ್ಬರು ಶೆಟ್ಟಿಹಳ್ಳಿಯ ನಮ್ಮ ಮನೆಗೆ ಬರುತ್ತಾರೆ. ಬಂದವರು ಟೀ ಕುಡಿದು ಮೊದಲು ಕೇಳುವುದು, "ಮುನೀರ್ ಸಾರ್, ಯಾವ ಕೋರ್ಸ್ ಮಾಡಿದ್ರೆ ಒಳ್ಳೇದು?" ಅಂತ. ಯಾವ ಕೋರ್ಸನ್ನೂ ಮಾಡದವನನ್ನು ಕೇಳಿದರೆ ಅವನೇನು ಹೇಳಬೇಕು? ಐಟಿಐ ಮುಗಿಸಿ ಅಬ್ಬಾನ ರೇಡಿಯೋ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕುವ ಕಾವಿನ ಕಡ್ಡಿ ಹಿಡಿದು ಕೂತಿದ್ದವನು ನಾನು. ರೇಡಿಯೋ ಹೋಗಿ ಟಿವಿ ಬಂತು, ಟಿವಿ ರಿಪೇರಿಯೂ ಕಡಿಮೆಯಾಯಿತು, ಅಷ್ಟರಲ್ಲಿ ಊರಿಗೆ ಕಂಪ್ಯೂಟರ್ ಬಂತು. ಬಂದದ್ದನ್ನು ಹಿಡಿದುಕೊಂಡೆ, ಅಷ್ಟೇ. ತೊಂಬತ್ತರ ದಶಕದ ನಡುವಿನಿಂದ ಮೊನ್ನೆ ಮೊನ್ನೆಯವರೆಗೆ ತುಮಕೂರು, ಗುಬ್ಬಿ, ಕುಣಿಗಲ್ ಸುತ್ತಿಕೊಂಡು ಕೇಬಲ್ ಎಳೆದೆ, ಸ್ವಿಚ್ ಕೂರಿಸಿದೆ, ಕೆಟ್ಟದ್ದನ್ನು ಸರಿಮಾಡಿದೆ.

ಸ್ವಿಚ್ ಅಂದರೆ ಲೈಟ್ ಹಾಕುವ ಸ್ವಿಚ್ ಅಲ್ಲ. ಒಂದು ಆಫೀಸಿನ ಕಂಪ್ಯೂಟರುಗಳ ಕೇಬಲ್ಲುಗಳೆಲ್ಲ ಬಂದು ಸೇರುವ ಪೆಟ್ಟಿಗೆ ಅದು. ಒಂದು ಕಂಪ್ಯೂಟರ್ ಕಳಿಸಿದ್ದನ್ನು ಇನ್ನೊಂದಕ್ಕೆ ಮುಟ್ಟಿಸುತ್ತದೆ. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಶಾಹಿದಾ ತವರಿನಲ್ಲಿ "ಅವರು ಸ್ವಿಚ್ ಹಾಕ್ತಾರೆ" ಎಂದು ಹೇಳಿಬಿಟ್ಟಿದ್ದಳು. ಆಮೇಲೆ ಅತ್ತೆ ಮನೆಗೆ ಹೋದಾಗಲೆಲ್ಲ ನನಗೆ ಬಿರಿಯಾನಿಗಿಂತ ಮೊದಲು ಫ್ಯಾನಿನ ರೆಗ್ಯುಲೇಟರ್ ತೋರಿಸುತ್ತಿದ್ದರು. ಎಷ್ಟು ಹೇಳಿದರೂ ಬಿಡಲಿಲ್ಲ, ಕೊನೆಗೆ ಅದನ್ನೂ ಸರಿಮಾಡಿಕೊಟ್ಟು ಬರುತ್ತಿದ್ದೆ.

ಕೆಲಸ ಕಲಿಸಿದವರು ಗಂಗಾಧರಯ್ಯ ಸಾರ್. ಉಪ್ಪಾರಹಳ್ಳಿಯಲ್ಲಿ ಒಂದೇ ಕೋಣೆಯ ಕಂಪನಿ ಅವರದು. ಅದಕ್ಕೆ ಮೊದಲು ಟೆಲಿಫೋನ್ ಲೈನ್ ಎಳೆಸುತ್ತಿದ್ದವರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಬೈಗುಳ. ನನಗೋ ಮೂಗಿನ ತುದಿಯಲ್ಲೇ ಕೋಪ. ಇಬ್ಬರೂ ಅಷ್ಟು ವರ್ಷ ಹೇಗೆ ಏಗಿದೆವೋ ಆ ದೇವರಿಗೇ ಗೊತ್ತು. ಅವರಿಗೆ ಇದ್ದದ್ದು ಒಂದೇ ಪಾಠ: "ಕೇಬಲ್‌ನ ಕೈಯಲ್ಲಿ ಹಿಡ್ಕೋ, ಆ ತುದಿ ತನಕ ನಡಿ. ಆಮೇಲ್ ಬಂದು ನನ್ ಹತ್ರ ಮಾತಾಡು." ಮೊದಮೊದಲು ಈ ಮಾತು ಕೇಳಿದರೇ ಮೈ ಉರಿಯುತ್ತಿತ್ತು. ನಾನೇನು ದನ ಕಾಯುವವನೇ, ಹಗ್ಗ ಹಿಡಿದು ನಡೆಯುವುದಕ್ಕೆ ಅಂತ ಮನಸ್ಸಿನಲ್ಲೇ ಗೊಣಗುತ್ತಿದ್ದೆ.

ಆ ಪಾಠ ತಲೆಗೆ ಹತ್ತಿದ್ದು ಗುಬ್ಬಿಯಲ್ಲಿ. ಅಲ್ಲೊಂದು ಸಹಕಾರ ಸಂಘದ ಕಚೇರಿ. ಆ ಕಾಲದಲ್ಲಿ ಇನ್ನೂ ಸ್ವಿಚ್ ಬಂದಿರಲಿಲ್ಲ. ಟಿವಿ ಕೇಬಲ್ಲಿನಂಥ ಒಂದೇ ದಪ್ಪ ವೈರು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಹೂವಿನ ದಾರದ ಹಾಗೆ ಹೋಗುತ್ತಿತ್ತು. ಆ ವೈರಿನ ಎರಡು ತುದಿಗೂ ಬೆರಳ ತುದಿಯಷ್ಟು ಚಿಕ್ಕ ಮುಚ್ಚಳ ಹಾಕಬೇಕು. ಒಂದು ಮುಚ್ಚಳ ಬಿದ್ದುಹೋದರೂ ಎಲ್ಲ ಕಂಪ್ಯೂಟರೂ ಒಟ್ಟಿಗೆ ಮಾತು ನಿಲ್ಲಿಸುತ್ತವೆ.

ಹಾಗೇ ಆಗಿತ್ತು. ಬೆಳಿಗ್ಗೆಯ ಬಸ್ಸಿಗೆ ಹೋಗಿ ಒಂದೊಂದೇ ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ನೋಡಿದೆ. ಎಲ್ಲ ಸರಿಯಾಗಿದೆ, ಯಾವುದೂ ಮಾತಾಡುತ್ತಿಲ್ಲ. ಕಾರ್ಯದರ್ಶಿಗಳು ಪಕ್ಕದಲ್ಲೇ ನಿಂತು ಲೊಚಗುಟ್ಟುತ್ತಿದ್ದರು. ಮಧ್ಯಾಹ್ನ ಗಂಗಾಧರಯ್ಯ ಸಾರ್ ಬಂದರು. ಬಂದವರೇ ವೈರು ಹಿಡಿದು ಗೋಡೆ ಪಕ್ಕ ಬಗ್ಗಿಕೊಂಡು ನಡೆದರು. ಕೊನೆಯ ಮೇಜಿನ ಹಿಂದೆ ನಿಂತು, "ಇಲ್ಲೊಂದು ಟೋಪಿ ಇತ್ತಲ್ಲ, ಎಲ್ಲಿ ಹೋಯ್ತು?" ಎಂದರು.

ಕಾರ್ಯದರ್ಶಿಗಳು ಮೇಜಿನ ಡ್ರಾಯರ್ ಎಳೆದು ಮುಚ್ಚಳ ತೆಗೆದುಕೊಟ್ಟರು. "ಇದಾ? ಏನಕ್ಕೂ ಕನೆಕ್ಷನ್ ಇರ್ಲಿಲ್ವಲ್ರೀ. ಸುಮ್ನೆ ಧೂಳು ಹಿಡೀತೈತೆ ಅಂತ ಜೋಪಾನವಾಗಿ ತೆಗೆದಿಟ್ಟಿದ್ದೆ!" ಎಂದರು. ಅವರ ಜೋಪಾನಕ್ಕೆ ಏನು ಹೇಳುವುದು? ಮುಚ್ಚಳ ಹಾಕಿದ ಕೂಡಲೇ ಎಲ್ಲವೂ ನಡೆಯಿತು. ಪಾಪ, ಅವರು ನಾಚಿಕೊಂಡು ನಮ್ಮಿಬ್ಬರನ್ನೂ ಮನೆಗೆ ಕರೆದುಕೊಂಡು ಹೋಗಿ ಮುದ್ದೆ, ಹುರುಳಿಕಾಳು ಸಾರು ಹಾಕಿಸಿದರು. ಆ ಊಟದ ರುಚಿ ಇನ್ನೂ ನಾಲಿಗೆಯ ಮೇಲಿದೆ. ಈ ಕೆಲಸದಲ್ಲಿ ನನ್ನನ್ನು ಬೈದವರು ಎಷ್ಟು ಮಂದಿಯೋ, ಕೂರಿಸಿ ಉಣ್ಣಲಿಕ್ಕಿದವರು ಅದಕ್ಕಿಂತ ಹೆಚ್ಚು ಮಂದಿ.

ಆಮೇಲೆ ಸ್ವಿಚ್ಚುಗಳ ಕಾಲ ಬಂತು. ಹೊಸ ಕಾಲಕ್ಕೆ ಹೊಸ ತಂಟೆ. ಕುಣಿಗಲ್ಲಿನ ಒಂದು ಕಾಲೇಜಿನಲ್ಲಿ ಎರಡು ಲ್ಯಾಬ್ ಇದ್ದವು. ಲ್ಯಾಬಿಗೊಂದು ಸ್ವಿಚ್, ಎರಡರ ನಡುವೆ ಒಂದು ಕೇಬಲ್ ಹಾಕಿಕೊಟ್ಟು ಬಂದಿದ್ದೆವು. ಒಂದು ದಿನ ಅಲ್ಲಿಯ ಪ್ರಿನ್ಸಿಪಾಲರಿಂದ ಫೋನು, ಎಲ್ಲವೂ ನಿಂತುಹೋಗಿದೆ ಅಂತ. ಹೋಗಿ ನೋಡಿದರೆ ಎರಡೂ ಸ್ವಿಚ್ಚಿನ ದೀಪಗಳು ಒಟ್ಟಿಗೆ ಪಟಪಟ ಹೊಡೆದುಕೊಳ್ಳುತ್ತಿವೆ, ದೀಪಾವಳಿಯ ಸೀರಿಯಲ್ ಸೆಟ್ಟಿನ ಹಾಗೆ. ಪ್ರಿನ್ಸಿಪಾಲರು ಗಣಿತದ ಮೇಷ್ಟ್ರು. ಕಂಪ್ಯೂಟರುಗಳು ನಿಧಾನ ಅಂತ ತಾವೇ ಎರಡು ಸ್ವಿಚ್ಚಿನ ನಡುವೆ ಇನ್ನೊಂದು ಕೇಬಲ್ ಹಾಕಿದ್ದರು.

"ಒಂದು ಪೈಪಲ್ಲಿ ಇಷ್ಟು ನೀರು ಬಂದ್ರೆ ಎರಡು ಪೈಪಲ್ಲಿ ಎರಡಷ್ಟು ಬರಬೇಕಲ್ವೇನ್ರೀ ಮುನೀರ್?" ಎಂದರು ಬಹಳ ನ್ಯಾಯವಾಗಿ.

ಲೆಕ್ಕವೇನೋ ಸರಿ. ಆದರೆ ಸ್ವಿಚ್ಚಿಗೆ ಆ ಲೆಕ್ಕ ಗೊತ್ತಿಲ್ಲ. ಒಂದು ಕಂಪ್ಯೂಟರ್ ಎಲ್ಲರಿಗೂ ಕೂಗಿ ಹೇಳಿದ ಮಾತು ಈ ಕೇಬಲ್ಲಿನಲ್ಲಿ ಆಚೆ ಲ್ಯಾಬಿಗೆ ಹೋಗುತ್ತದೆ, ಆ ಕೇಬಲ್ಲಿನಲ್ಲಿ ವಾಪಸ್ಸು ಬರುತ್ತದೆ, ಮತ್ತೆ ಹೋಗುತ್ತದೆ. ಅದೇ ಮಾತು ಸುತ್ತಿ ಸುತ್ತಿ, ಕೊನೆಗೆ ಬೇರೆ ಯಾರ ಮಾತಿಗೂ ಜಾಗವೇ ಉಳಿಯುವುದಿಲ್ಲ. ಎರಡನೇ ಕೇಬಲ್ ಕಿತ್ತೆ, ಎಲ್ಲ ತಣ್ಣಗಾಯಿತು. ಸಂಜೆ ಗಂಗಾಧರಯ್ಯ ಸಾರ್‌ಗೆ ಹೇಳಿದಾಗ ಅವರು ನಗಲಿಲ್ಲ. "ಮೇಷ್ಟ್ರು ಹೇಳಿದ್ದು ತಪ್ಪಲ್ಲ ಕಣೋ. ಆ ಎರಡು ಕೇಬಲ್ಲೂ ಒಂದೇ ಅಂತ ಆ ಪೆಟ್ಟಿಗೆಗಳಿಗೆ ಹೇಳ್ಕೊಡೋಕೆ ಬರ್ಬೇಕು ನಮಗೆ. ಈ ಅಗ್ಗದ ಪೆಟ್ಟಿಗೇಲಿ ಆಗಲ್ಲ. ಒಳ್ಳೇ ಪೆಟ್ಟಿಗೇಲಿ ಆಗುತ್ತಂತೆ, ಕಲಿಯಣ" ಎಂದರು.

ಕಲಿತೆವು. ಅದಕ್ಕೆ ಲಿಂಕ್ ಅಗ್ರಿಗೇಷನ್ ಅಂತ ಹೆಸರು. ನಮ್ಮ ಬಾಯಲ್ಲಿ ಅದು ಜೋಡಿ ಲೈನ್. ಎರಡು ಸ್ವಿಚ್ಚಿನ ನಡುವೆ ಎರಡು ಕೇಬಲ್ ಹಾಕಿ, ಇವೆರಡನ್ನೂ ಒಂದೇ ಎಂದು ತಿಳಿದುಕೊಳ್ಳಿ ಅಂತ ಎರಡೂ ಕಡೆಯ ಸ್ವಿಚ್ಚಿಗೂ ಹೇಳಿಕೊಡುವುದು. ಇಲ್ಲಿ ಒಂದು ವಿಷಯವನ್ನು ಹೊಸಬರು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಎಲ್ಲರ ಕೆಲಸವೂ ಎರಡು ಕೇಬಲ್ಲಿಗೂ ಅರ್ಧರ್ಧ ಹಂಚಿಹೋಗುತ್ತದೆ ಅಂದುಕೊಳ್ಳಬೇಡಿ. ಪ್ರತಿ ಕಂಪ್ಯೂಟರಿಗೂ ಹುಟ್ಟಿನಿಂದಲೇ ಒಂದು ನಂಬರ್ ಇರುತ್ತದೆ. ನಾವು ಕೂರಿಸುತ್ತಿದ್ದ ಸ್ವಿಚ್ಚುಗಳು ಆ ನಂಬರ್ ನೋಡಿ, ನೀನು ಈ ಕೇಬಲ್ಲಿನಲ್ಲಿ ಹೋಗು, ನೀನು ಆ ಕೇಬಲ್ಲಿನಲ್ಲಿ ಹೋಗು ಎಂದು ಕಳಿಸುತ್ತಿದ್ದವು. ಒಮ್ಮೆ ಯಾವ ಕೇಬಲ್ಲೋ ಯಾವಾಗಲೂ ಅದೇ ಕೇಬಲ್ಲು. ಇದೊಂದು ಸಣ್ಣ ಸಂಗತಿ ಒಬ್ಬ ಹೆಣ್ಣುಮಗಳ ಅನ್ನಕ್ಕೆ ಕಲ್ಲು ಹಾಕುವುದರಲ್ಲಿತ್ತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಹಿರೇಹಳ್ಳಿಯ ಒಂದು ಕಾರ್ಖಾನೆ, ಹೆಸರು ಬೇಡ. ಮುಂದೆ ಆಫೀಸು, ಅಲ್ಲೇ ಸರ್ವರ್, ಅಂದರೆ ಎಲ್ಲರ ಲೆಕ್ಕವೂ ಇರುವ ದೊಡ್ಡ ಕಂಪ್ಯೂಟರ್. ಹಿಂದುಗಡೆ ಮೈದಾನ ದಾಟಿದರೆ ಮಾಲು ಕಳಿಸುವ ಡಿಸ್ಪ್ಯಾಚ್ ವಿಭಾಗ. ನಡುವೆ ದೂರ ಜಾಸ್ತಿಯಾದ್ದರಿಂದ ನೆಲದೊಳಗೆ ಫೈಬರ್ ಎಳೆದು ಜೋಡಿ ಲೈನ್ ಮಾಡಿದ್ದೆವು. ಫೈಬರ್ ಅಂದರೆ ಕೂದಲಿನಷ್ಟು ಸಣ್ಣ ಗಾಜಿನ ಎಳೆ. ಅದರಲ್ಲಿ ಹೋಗುವುದು ಕರೆಂಟಲ್ಲ, ಬೆಳಕು. ಪ್ರತಿ ಲೈನಿಗೂ ಎರಡೂ ತುದಿಯಲ್ಲಿ ಬೆಳಕನ್ನು ಕರೆಂಟು ಮಾಡುವ ಒಂದೊಂದು ಸಣ್ಣ ಡಬ್ಬಿ. ಆ ಡಬ್ಬಿಯಿಂದ ಸಾಮಾನ್ಯ ಕೇಬಲ್ ಹೊರಟು ಸ್ವಿಚ್ಚಿಗೆ ಸೇರುತ್ತದೆ.

ಡಿಸ್ಪ್ಯಾಚಿನಲ್ಲಿ ಜಯಮ್ಮ ಅಂತ ಒಬ್ಬರು ಬಿಲ್ಲು ಹೊಡೆಯುತ್ತಿದ್ದರು. ಅವರ ಗಂಡ ಅದೇ ಕಾರ್ಖಾನೆಯಲ್ಲಿ ಲೇತ್ ನಡೆಸುವ ಟರ್ನರ್ ಆಗಿದ್ದವರು, ತೀರಿಕೊಂಡಿದ್ದರು. ಆ ದಯೆಯಿಂದ ಇವರಿಗೆ ತಾತ್ಕಾಲಿಕವಾಗಿ ಕೆಲಸ ಕೊಟ್ಟಿದ್ದರು. ಆ ತಿಂಗಳ ಕೊನೆಗೆ ಇವರನ್ನು ಕಾಯಂ ಮಾಡಬಹುದೋ ಬೇಡವೋ ಎಂದು ಮ್ಯಾನೇಜರ್ ಮೂರ್ತಿ ಸಾರ್ ಮೇಲಿನವರಿಗೆ ಹೇಳಬೇಕಾಗಿತ್ತು. ಬೇಡ ಅಂದರೆ ಜಯಮ್ಮ ಮನೆಗೆ. ಬಾಡಿಗೆ ಮನೆ, ಓದುವ ಮಗಳು, ಬೇರೆ ದಿಕ್ಕಿಲ್ಲ.

ಆಯುಧಪೂಜೆ ಕಳೆದು ಎರಡು ದಿನಕ್ಕೆ ಫೋನು ಬಂತು. ಜಯಮ್ಮನವರ ಕಂಪ್ಯೂಟರ್ ಬಿಲ್ಲಿನ ನಡುವೆ ಸ್ತಬ್ಧವಾಗಿ ನಿಂತುಬಿಡುತ್ತದೆ. ಒಂದು ಸಲ ಬಿಲ್ಲು ಹೋಗುತ್ತದೆ, ಒಂದು ಸಲ ಅರ್ಧಕ್ಕೇ ನಿಲ್ಲುತ್ತದೆ, ಒಂದು ಸಲ ಅದೇ ಬಿಲ್ಲು ಎರಡು ಬಾರಿ ಸೇರಿಕೊಂಡಿರುತ್ತದೆ. ಉಳಿದ ಮೂವರ ಕಂಪ್ಯೂಟರುಗಳು ಸೊಗಸಾಗಿ ನಡೆಯುತ್ತಿವೆ. ಹೋದೆ. ಸ್ವಿಚ್ಚಿನಲ್ಲಿ ನೋಡಿದರೆ ಜೋಡಿ ಲೈನಿನ ಎರಡೂ ದೀಪ ಹಸಿರಾಗಿ ಉರಿಯುತ್ತಿವೆ. ಹಸಿರು ಉರಿದರೆ ಲೈನ್ ಸರಿ ಅಂತ ನಮ್ಮೆಲ್ಲರ ನಂಬಿಕೆ. ಜಯಮ್ಮನವರ ಕೇಬಲ್ ಬದಲಾಯಿಸಿದೆ. ವಿಂಡೋಸ್ ಅಳಿಸಿ ಹೊಸದಾಗಿ ಹಾಕಿದೆ. ನಾನಿದ್ದಷ್ಟು ಹೊತ್ತು ಚೆನ್ನಾಗಿ ನಡೆಯಿತು. ಮಾರನೇ ದಿನ ಮತ್ತೆ ಫೋನು.

ಎರಡನೇ ಸಲ ಹೋಗುವಷ್ಟರಲ್ಲಿ ಅಲ್ಲಿಯ ಗಾಳಿಯೇ ಬದಲಾಗಿತ್ತು. ಪಕ್ಕದ ಸೀಟಿನ ಲೋಕೇಶ್ ನನ್ನನ್ನು ಬಾಗಿಲ ಹತ್ತಿರ ಕರೆದು ಮೆಲ್ಲಗೆ, "ಸಾರ್, ನಾನ್ ಕೂತ್ಕೊಂಡು ಎರಡು ಬಿಲ್ ಹೊಡುದ್ರೆ ಅದೇ ಕಂಪ್ಯೂಟರ್ ನಡೀತೈತೆ. ನಿನ್ನೆ ಟೆಸ್ಟ್ ಮಾಡುದ್ವಿ" ಎಂದ. "ಅವ್ರ ಜಾಗ ಸರಿಯಿಲ್ಲ ಅಂತ ಕಿಟಕಿ ಹತ್ರ ಕೂರುಸುದ್ವಿ, ಅಲ್ಲೂ ಅದೇ ಕತೆ. ಎಲ್ಲಿ ಹೋದ್ರೂ ಹಿಂದೇನೇ ಬತ್ತೈತೆ ಸಾರ್."

"ಏನು ಬರುತ್ತೆ?"

"ಅದೇ ಸಾರ್... ಕೈಗುಣ."

ಆ ಮಾತು ಮೂರ್ತಿ ಸಾರ್ ಬಾಯಿಗೂ ಬಂದಿತ್ತು. ಜಯಮ್ಮ ಅಲ್ಲೇ ಇರುವಾಗಲೇ, "ನೋಡಿ ಮುನೀರ್, ಮೆಷಿನ್ ನೀವು ರಿಪೇರಿ ಮಾಡ್ಬೋದು. ಕೆಲವರ ಕೈಗುಣ ಯಾರ್ ರಿಪೇರಿ ಮಾಡ್ತಾರೆ? ಆಯುಧಪೂಜೆ ದಿನ ಎಲ್ಲರ ಕಂಪ್ಯೂಟರ್‌ಗೂ ಅವರವರೇ ಕುಂಕುಮ ಇಟ್ರು. ಇವ್ರು ಇಡೋ ಹಾಗಿಲ್ಲವಲ್ಲ, ಅದೊಂದು ಹಾಗೇ ಉಳೀತು. ಅಲ್ಲಿಂದ್ಲೇ ಶುರು ಇದು" ಎಂದರು. ಕೆಟ್ಟ ಮನುಷ್ಯರಲ್ಲ ಅವರು, ನಿಜವಾಗಿಯೂ ಹಾಗೆ ನಂಬಿದ್ದರು. ಜಯಮ್ಮ ಕೀಬೋರ್ಡನ್ನೇ ನೋಡುತ್ತಾ ಕೂತಿದ್ದರು. ನೆತ್ತಿಗೇರಿದ ಸಿಟ್ಟನ್ನು ನುಂಗಿಕೊಂಡು ಹೊರಗೆ ಬಂದೆ. ಸಿಟ್ಟು ಮಾಡಿಕೊಂಡು ಏನು ಹೇಳಲಿ? ಕಂಪ್ಯೂಟರ್ ಅವರ ಹಿಂದೆಯೇ ಹೋಗಿ ಕೆಡುತ್ತಿದ್ದದ್ದು ಕಣ್ಣೆದುರಿಗೇ ಇತ್ತು.

ಸಂಜೆ ಉಪ್ಪಾರಹಳ್ಳಿಯ ಕೋಣೆಯಲ್ಲಿ ಗಂಗಾಧರಯ್ಯ ಸಾರ್ ಮುಂದೆ ಎಲ್ಲವನ್ನೂ ಒದರಿದೆ.

"ಆಯಮ್ಮನ್ನ ಕಿಟಕಿ ಹತ್ರ ಕೂರಿಸಿದ್ರಲ್ಲ, ಅಲ್ಲಿದ್ದ ಕಂಪ್ಯೂಟರ್ ಕೊಟ್ರಾ?" ಎಂದು ಕೇಳಿದರು.

"ಇಲ್ಲ ಸಾರ್. ಅವರ ಕಂಪ್ಯೂಟರೇ ಎತ್ಕೊಂಡ್ ಹೋಗಿಟ್ರು. ಆ ಆಫೀಸಲ್ಲಿ ಹಾಗೇ, ಅವರವರ ಮೆಷಿನ್ ಅವರವರ ಜೊತೆ ಹೋಗುತ್ತೆ."

"ಮತ್ತೆ ಹಿಂದೆ ಹೋಗಿದ್ದು ಕೈಗುಣ ಹೆಂಗಾಯ್ತಲಾ? ಕಂಪ್ಯೂಟರ್ ಹೋಯ್ತು!" ಎಂದು ಮೇಜಿನ ಮೇಲೆ ಕೈ ಬಡಿದರು. "ಕೇಬಲ್ ಹಿಡ್ಕೊಂಡ್ ನಡೆದ್ಯಾ?"

"ಅದು ನೆಲದೊಳಗೆ ಹೋಗಿದೆ ಸಾರ್, ನಾನೇನ್ ಹೆಗ್ಗಣಾನಾ?"

"ನೆಲದೊಳಗೆ ಹೋಗಿದ್ದು ಎಲ್ಲೋ ಮೇಲೆ ಬರ್ಬೇಕಲ್ವೇನೋ? ಆ ತುದಿಗ್ ಹೋಗಿ ನಿಂತ್ಕೋ ಹೋಗು!"

ಬೈಸಿಕೊಂಡದ್ದು ಒಳ್ಳೆಯದಾಯಿತು. ಮಾರನೇ ಬೆಳಿಗ್ಗೆ ಹಿರೇಹಳ್ಳಿಗೆ ಹೋದವನೇ ಜಯಮ್ಮನವರನ್ನು ಲೋಕೇಶನ ಕಂಪ್ಯೂಟರಿನ ಮುಂದೆ ಕೂರಿಸಿದೆ. "ಅಮ್ಮಾ, ಇವತ್ತಿನ ಬಿಲ್ಲೆಲ್ಲಾ ಇದರಲ್ಲೇ ಹೊಡೀರಿ" ಎಂದೆ. ಮೂಲೆಯಲ್ಲಿ ಯಾರೂ ಉಪಯೋಗಿಸದ ಒಂದು ಹಳೇ ಕಂಪ್ಯೂಟರ್ ಇತ್ತು. ಅದನ್ನು ಒರೆಸಿ ಕೇಬಲ್ ಹಾಕಿ ಅದರ ಮುಂದೆ ನಾನು ಕೂತೆ. ಮಧ್ಯಾಹ್ನದವರೆಗೆ ಜಯಮ್ಮ ಎಲ್ಲೂ ನಿಲ್ಲದೆ ಬಿಲ್ಲು ಹೊಡೆದರು. ನನ್ನ ಮುಂದಿನ ಕಂಪ್ಯೂಟರ್ ಮಾತ್ರ ಅರ್ಧರ್ಧಕ್ಕೆ ನಿಲ್ಲುತ್ತಾ ಪ್ರಾಣ ತಿಂದಿತು.

"ಬಾಪ್ಪಾ ಲೋಕೇಶ, ನೋಡು. ನನ್ನ ಕೈಗುಣಾನೂ ಕೆಟ್ಟೋಯ್ತು" ಎಂದೆ.

ಅವನು ತಲೆ ಕೆರೆದುಕೊಂಡ. ನನ್ನ ತಲೆಯಲ್ಲಿ ಮಾತ್ರ ಆಗ ಬೆಳಕಾಯಿತು. ಎರಡು ಕಂಪ್ಯೂಟರ್ ಕೆಡುತ್ತವೆ, ಮೂರು ಕೆಡುವುದಿಲ್ಲ. ಕೆಡುವ ಎರಡಕ್ಕೂ ಸ್ವಿಚ್ ಒಂದೇ ಕೇಬಲ್ ಕೊಟ್ಟಿದ್ದರೆ? ಎದ್ದು ಹೋಗಿ ಜೋಡಿ ಲೈನಿನ ಎರಡನೇ ಕೇಬಲ್ಲನ್ನು ಸ್ವಿಚ್ಚಿನಿಂದ ಕಿತ್ತೆ. ಉಳಿದದ್ದು ಒಂದೇ ಕೇಬಲ್, ಎಲ್ಲರೂ ಅದರಲ್ಲೇ ಹೋಗಬೇಕು. ನನ್ನ ಹಳೇ ಕಂಪ್ಯೂಟರ್ ಸರಾಗವಾಗಿ ನಡೆಯಿತು. ಖಾಲಿಯಿದ್ದ ಜಯಮ್ಮನವರ ಕಂಪ್ಯೂಟರಿನಲ್ಲೂ ಬಿಲ್ಲು ಹೊಡೆದು ನೋಡಿದೆ, ಅದೂ ನಡೆಯಿತು. ಕೇಬಲ್ ಮತ್ತೆ ಚುಚ್ಚಿದೆ, ಎರಡೂ ನಿಂತವು. ಮತ್ತೆ ಕಿತ್ತೆ, ನಡೆದವು. ಕೇಬಲ್ ಕಿತ್ತರೆ ಕೆಲಸ ನಡೆಯುವುದನ್ನು ಲೋಕೇಶ್ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಜಯಮ್ಮ ಎದ್ದು ಬಂದು ನನ್ನ ಪಕ್ಕದಲ್ಲಿ ನಿಂತಿದ್ದರು.

"ಹಂಗಾರೆ ಈ ಕೇಬಲ್ಲೇ ಕೆಟ್ಟಿರದಾ ಸಾರ್?" ಎಂದರು. ಎಷ್ಟೋ ದಿನದ ಮೇಲೆ ಅವರ ಗಂಟಲಿನಿಂದ ಮಾತು ಹೊರಟ ಹಾಗಿತ್ತು.

"ಎಲ್ಲೋ ಕೆಟ್ಟಿದೆ. ಬನ್ನಿ ಹುಡುಕೋಣ. ಕೇಬಲ್ ಹಿಡ್ಕೊಂಡು ಆ ತುದಿ ತನಕ ನಡೀಬೇಕು. ಇದು ನಮ್ಮ ಗಂಗಾಧರಯ್ಯ ಸಾರ್ ಪಾಠ" ಎಂದೆ.

ಮೈದಾನ ದಾಟಿ ಆಫೀಸಿಗೆ ಬಂದೆವು. ನೆಲದಿಂದ ಫೈಬರ್ ಮೇಲೆದ್ದು ಗೋಡೆ ಹತ್ತಿ ಒಂದು ಹಲಗೆಯ ಮೇಲೆ ಮುಗಿಯುತ್ತಿತ್ತು. ಆ ಹಲಗೆಯ ಮೇಲೆ ನಮ್ಮ ಡಬ್ಬಿಗಳು. ಆದರೆ ಡಬ್ಬಿ ಕಾಣಬೇಕಲ್ಲ? ಮುಂದೆ ದೇವರ ಫೋಟೋ, ಅದರ ಮೇಲೆ, ಡಬ್ಬಿಗಳ ಮೇಲೆ, ಎಲ್ಲ ಸೇರಿ ಆಯುಧಪೂಜೆಯ ಚೆಂಡುಹೂವಿನ ದಪ್ಪ ಹಾರ ಒಣಗಿ ನಿಂತಿತ್ತು. ಹಿಂದಿನ ಎರಡು ಸಲವೂ ನಾನು ಇಲ್ಲಿಯವರೆಗೆ ಬಂದು, ಸರ್ವರ್ ಪಕ್ಕದ ಸ್ವಿಚ್ಚಿನಲ್ಲಿ ಹಸಿರು ದೀಪ ನೋಡಿ ತೃಪ್ತಿಪಟ್ಟುಕೊಂಡು ಹೋಗಿದ್ದೆ. ಪೂಜೆಯ ಹೂವು, ನಾನು ಸಾಬರವನು. ನಾನಾಗಿ ಕೈಹಾಕಿ ಕೀಳುವುದು ಮರ್ಯಾದೆಯಲ್ಲ ಎಂದು ಅತ್ತ ಹೋಗಿರಲಿಲ್ಲ.

ಆಫೀಸಿನ ಅಟೆಂಡರ್ ರಂಗಸ್ವಾಮಿಯನ್ನು ಕರೆದು, "ಈ ಹಾರ ಸ್ವಲ್ಪ ತೆಗೀತೀಯೇನಪ್ಪ?" ಎಂದೆ.

"ಅಯ್ಯೋ, ಮೂರ್ತಿ ಸಾರ್ ಪೂಜೆ ಮಾಡಿ ಹಾಕಿರದು. ಅವ್ರು ಹೇಳ್ದೆ ನಾನ್ ಮುಟ್ಟಲ್ಲ ಬುಡಿ ಸಾರ್" ಎಂದ.

ಅವನು ಮುಟ್ಟುವುದಿಲ್ಲ, ನಾನು ಮುಟ್ಟುವ ಹಾಗಿಲ್ಲ. ಇಬ್ಬರೂ ಮುಖ ಮುಖ ನೋಡಿಕೊಂಡು ನಿಂತೆವು. ಜಯಮ್ಮ ಮುಂದೆ ಬಂದರು. "ಒಣಗಿದ್ ಹೂವ ತೆಗ್ಯಕ್ಕೆ ಯಾರ್ ಕೈ ಆದ್ರೇನು?" ಎಂದವರೇ ಕಾಲು ತುದಿಯಲ್ಲಿ ನಿಂತು ಹಾರವನ್ನು ಬಿಡಿಸಿ, ಕಣ್ಣಿಗೊತ್ತಿಕೊಂಡು, "ಗಿಡದ ಬುಡಕ್ಕೆ ಹಾಕಪ್ಪ" ಎಂದು ರಂಗಸ್ವಾಮಿಯ ಕೈಗೆ ಕೊಟ್ಟರು. ಅವನು ಎರಡೂ ಕೈಯೊಡ್ಡಿ ತೆಗೆದುಕೊಂಡ.

ಹಿಂದೆ ಎರಡು ಡಬ್ಬಿ. ಒಂದರ ದೀಪ ನಿಶ್ಚಿಂತೆಯಾಗಿ ಉರಿಯುತ್ತಿತ್ತು. ಇನ್ನೊಂದರ ದೀಪ ಉರಿಯುವುದು, ಆರುವುದು, ಮತ್ತೆ ಉರಿಯುವುದು. ಅದರ ಮುಖದ ತುಂಬ ಕುಂಕುಮ. ಫೈಬರ್ ಚುಚ್ಚುವ ತೂತಿನ ಪಕ್ಕದಲ್ಲೇ ದೊಡ್ಡ ಬೊಟ್ಟು. ಫೈಬರಿನ ತುದಿಯನ್ನು ಮೆಲ್ಲಗೆ ಹೊರಗೆ ಎಳೆದೆ. ಬೆಳಗಿದ ಹಾಗೆ ಬಿಳಿಯಾಗಿರಬೇಕಾದ ತುದಿ ಕೆಂಪಗಾಗಿತ್ತು. ಪೂಜೆಗೆ ಮುಂಚೆ ಯಾರೋ ಶ್ರದ್ಧೆಯಿಂದ ಎಲ್ಲ ಬಿಚ್ಚಿ ಒರೆಸಿದ್ದಾರೆ, ಕುಂಕುಮ ಇಟ್ಟಿದ್ದಾರೆ, ಮತ್ತೆ ಚುಚ್ಚಿದ್ದಾರೆ. ಬೆಳಕು ಹೋಗುವ ದಾರಿಯಲ್ಲಿ ಕುಂಕುಮ ಕೂತಿದೆ. ಬೆಳಕು ಅಷ್ಟಿಷ್ಟು ತೂರಿ ಬರುತ್ತದೆ, ಪೂರ್ತಿ ಬರುವುದಿಲ್ಲ. ಆದರೆ ಡಬ್ಬಿಗೂ ಸ್ವಿಚ್ಚಿಗೂ ನಡುವಿನ ಗೇಣುದ್ದದ ಕೇಬಲ್ ಚೆನ್ನಾಗಿದೆಯಲ್ಲ, ಅದನ್ನು ನೋಡಿ ಸ್ವಿಚ್ ಹಸಿರು ದೀಪ ಉರಿಸುತ್ತಿದೆ. ಆಚೆ ಏನಾಗಿದೆ ಅಂತ ಅದಕ್ಕೆ ಗೊತ್ತೇ ಇಲ್ಲ.

ಅಷ್ಟರಲ್ಲಿ ಮೂರ್ತಿ ಸಾರ್ ಬಂದರು. ನಾನು ತುದಿಯನ್ನು ತೋರಿಸಿ ವಿಷಯ ಹೇಳಿದೆ. ಅವರ ಮುಖ ಕೆಂಪಾಯಿತು.

"ಯಾರ್ರೀ ಇದನ್ನ ಬಿಚ್ಚಿದ್ದು? ಯಾರು ಮುಟ್ಟಿದ್ದು?" ಎಂದು ಆಫೀಸಿಗೆಲ್ಲ ಕೇಳುವ ಹಾಗೆ ಕೂಗಿದರು.

ರಂಗಸ್ವಾಮಿ ಹಾರ ಹಿಡಿದುಕೊಂಡೇ ನಿಂತಿದ್ದ. ಅವನಿಗೆ ಕಪಟ ಗೊತ್ತಿಲ್ಲ. "ಎಲ್ರೂ ಮುಟ್ಟುದ್ವಿ ಸಾರ್. ಬಿಚ್ಚಿ ಒರ್ಸಿದ್ದು ನಾನು, ಲೋಕೇಶಪ್ಪ. ಕುಂಕುಮ ಇಟ್ಟಿದ್ದು ನೀವು. ಜಯಮ್ಮೋರ್ ಒಬ್ರೇ ದೂರ ನಿಂತಿದ್ರು" ಎಂದ.

ಮೂರ್ತಿ ಸಾರ್ ತಮ್ಮ ಬಲಗೈಯನ್ನು ಒಮ್ಮೆ ನೋಡಿಕೊಂಡರು. "ಸರಿ, ಕ್ಲೀನ್ ಮಾಡಿ" ಎಂದಷ್ಟೇ ಹೇಳಿ ಒಳಗೆ ಹೋದರು. ನನ್ನ ನಾಲಿಗೆಯ ತುದಿಗೆ ಎಂಥೆಂಥ ಮಾತು ಬಂದಿದ್ದವು! ರಂಗಸ್ವಾಮಿ ಹೇಳಿದ ಮೇಲೆ ನಾನು ಹೇಳಬೇಕಾದ್ದು ಏನೂ ಉಳಿದಿರಲಿಲ್ಲ.

ಸ್ಪಿರಿಟ್ಟಿನಲ್ಲಿ ತುದಿ ಒರೆಸಿ, ಡಬ್ಬಿಯ ತೂತನ್ನೂ ಒರೆಸಿ, ಮತ್ತೆ ಚುಚ್ಚಿದೆ. ದೀಪ ನಿಂತು ಉರಿಯಿತು. ಡಿಸ್ಪ್ಯಾಚಿಗೆ ಹೋಗಿ ಎರಡನೇ ಕೇಬಲ್ಲನ್ನು ಅದರ ಜಾಗಕ್ಕೆ ಹಾಕಿದೆ. ಜಯಮ್ಮ ತಮ್ಮ ಕಂಪ್ಯೂಟರಿನಲ್ಲಿ ಒಂದರ ಹಿಂದೊಂದು ಬಿಲ್ಲು ಹೊಡೆದರು. ಯಾವುದೂ ನಿಲ್ಲಲಿಲ್ಲ. ಅವರು ಹೊಡೆಯುತ್ತಲೇ ಇದ್ದರು, ಕಣ್ಣಲ್ಲಿ ನೀರು ಸುರಿಯುತ್ತಲೇ ಇತ್ತು.

"ಸಾರ್, ನಂಗೇ ಅನ್ಸಕ್ಕೆ ಶುರುವಾಗಿತ್ತು, ನನ್ ಕೈಯಲ್ಲೇ ಏನೋ ಐತೆ ಅಂತ. ಮನೇಲಿ ಅಡುಗೆ ಸೀದ್ರೂ ಅದೇ ಅನ್ನುಸ್ತಿತ್ತು" ಎಂದರು.

ಕೇಬಲ್ ಕೆಟ್ಟರೆ ಕೆಲಸ ನಿಲ್ಲುತ್ತದೆ ಅಂತ ಗೊತ್ತಿತ್ತು. ಒಬ್ಬ ಹೆಂಗಸು ತನ್ನ ಕೈಯನ್ನೇ ನಂಬದ ಹಾಗೆ ಆಗುತ್ತದೆ ಅಂತ ಅವತ್ತಿನವರೆಗೆ ನನಗೆ ಗೊತ್ತಿರಲಿಲ್ಲ. ಅಂದಿನಿಂದ ಯಾವ ಆಫೀಸಿಗೆ ಹೋದರೂ, ಇವರಿಗೆ ಕಂಪ್ಯೂಟರ್ ಬರಲ್ಲ ಅಂತ ಯಾರಾದರೂ ಯಾರನ್ನಾದರೂ ತೋರಿಸಿದರೆ ನಾನು ಮೊದಲು ಹುಡುಕಿದ್ದು ಕೇಬಲ್ಲಿನ ತಪ್ಪನ್ನು. ಎಷ್ಟೋ ಸಲ ಅಲ್ಲೇ ಸಿಕ್ಕಿದೆ.

ಆಮೇಲಿನ ಸ್ವಿಚ್ಚುಗಳು ಜಾಣವಾದವು. ಜೋಡಿ ಲೈನಿನ ಎರಡು ತುದಿಯೂ ಆಗಾಗ ಒಂದನ್ನೊಂದು, ಇದ್ದೀಯಾ, ಇದ್ದೀನಿ ಎಂದು ಕೇಳಿಕೊಳ್ಳುತ್ತವೆ. ಉತ್ತರ ಬಾರದಿದ್ದರೆ ಆ ಕೇಬಲ್ಲನ್ನು ತಾವೇ ಜೋಡಿಯಿಂದ ಹೊರಗಿಡುತ್ತವೆ. ಒಳ್ಳೆಯ ಪದ್ಧತಿ, ಹಾಗೇ ಮಾಡಿ. ಆದರೂ ಅರ್ಧ ಸತ್ತ ಲೈನು ಅವುಗಳಿಗೂ ಕೆಲವು ಸಲ ಟೋಪಿ ಹಾಕುತ್ತದೆ. ಹಿರೇಹಳ್ಳಿಯಲ್ಲಿ ಗಂಗಾಧರಯ್ಯ ಸಾರ್ ಇನ್ನೊಂದು ಉಪಾಯ ಮಾಡಿದರು. ಡಬ್ಬಿಗಳನ್ನೆಲ್ಲ ಗಾಜಿನ ಬಾಗಿಲಿನ ಒಂದು ಪೆಟ್ಟಿಗೆಯೊಳಗೆ ಇಡಿಸಿ, "ಬಾಗಿಲಿಗೆ ಎಷ್ಟ್ ಬೇಕಾದ್ರೂ ಕುಂಕುಮ ಇಡ್ರಪ್ಪ, ದೇವ್ರಿಗೆ ಗಾಜಿನ ಮೂಲಕ ಕಾಣುತ್ತೆ" ಎಂದರು.

ತಿಂಗಳ ಕೊನೆಗೆ ಮೂರ್ತಿ ಸಾರ್ ಮೇಲಿನವರಿಗೆ ಏನು ಹೇಳಿದರೋ ನಾನು ಕೇಳಲಿಲ್ಲ. ದೀಪಾವಳಿ ಕಳೆದ ಮೇಲೆ ಜಯಮ್ಮ ಮಗಳನ್ನು ಕರೆದುಕೊಂಡು ನಮ್ಮ ಕೋಣೆಗೆ ಬಂದರು. ಕಾಯಂ ಆಯಿತು ಅಂದರು. ಮನೆಯಲ್ಲಿ ಮಾಡಿದ ಕೊಬ್ಬರಿ ಮಿಠಾಯಿ ತಂದಿದ್ದರು. ಗಂಗಾಧರಯ್ಯ ಸಾರ್ ಸಕ್ಕರೆ ಕಾಯಿಲೆಯವರು, ಆದರೂ ಎರಡು ತುಂಡು ತಿಂದರು.

ಮುಂದಿನ ವರ್ಷ ಆ ಕಾರ್ಖಾನೆಗೆ ಹೊಸ ಸರ್ವರ್ ಬಂತು. ಕೂರಿಸಲು ನಾನೂ ಗಂಗಾಧರಯ್ಯ ಸಾರೂ ಹೋಗಿದ್ದೆವು. ಹೂವು, ಊದುಬತ್ತಿ, ತೆಂಗಿನಕಾಯಿ ಎಲ್ಲ ಸಿದ್ಧವಾಗಿತ್ತು. ಇಂಥದ್ದಕ್ಕೆಲ್ಲ ಯಾವಾಗಲೂ ಮೂರ್ತಿ ಸಾರ್ ಅವರೇ ಮೊದಲ ಬಟನ್ ಒತ್ತುವುದು. ಅವರು ಕಾಯಿ ಒಡೆದು, ಕೈ ಒರೆಸಿಕೊಂಡು ಹಿಂದೆ ತಿರುಗಿ ನೋಡಿದರು. ಜಯಮ್ಮ ಹಳೇ ಅಭ್ಯಾಸದಂತೆ ಎಲ್ಲರಿಗಿಂತ ಹಿಂದೆ, ಬಾಗಿಲ ಹತ್ತಿರ ನಿಂತಿದ್ದರು.

"ಜಯಮ್ಮ, ಬನ್ನಿ ಇಲ್ಲಿ" ಎಂದರು ಮೂರ್ತಿ ಸಾರ್. "ನೀವೇ ಆನ್ ಮಾಡಿ. ನಿಮ್ಮ ಕೈಗುಣದಿಂದ್ಲೇ ಶುರುವಾಗ್ಲಿ."

ಜನ ಜರುಗಿ ದಾರಿ ಬಿಟ್ಟರು. ಜಯಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಮುಂದೆ ಬಂದರು. ಬಟನ್ ಮುಟ್ಟಲಿಲ್ಲ. ಸರ್ವರಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಮೊದಲನೇ ಕೇಬಲ್ ಹಿಡಿದು ಅದರ ಮೇಲೆ ಕೈಯಾಡಿಸುತ್ತಾ ಸ್ವಿಚ್ಚಿನವರೆಗೆ ಹೋದರು. ವಾಪಸ್ಸು ಬಂದು ಎರಡನೆಯದನ್ನೂ ಹಾಗೆಯೇ ಹಿಡಿದುಕೊಂಡು ಹೋದರು. ಎಲ್ಲರೂ ಕಾಯುತ್ತಿದ್ದರು, ಮೂರ್ತಿ ಸಾರೂ ಕಾಯುತ್ತಿದ್ದರು. "ಎರಡೂ ಸರಿಯಾಗೈತೆ ಸಾರ್" ಎಂದು ಹೇಳಿ ಎದ್ದು ಬಂದು ಬಟನ್ ಒತ್ತಿದರು.

ಗಂಗಾಧರಯ್ಯ ಸಾರ್ ನನ್ನ ಕಿವಿಯ ಹತ್ತಿರ ಬಗ್ಗಿ, "ಯಾರ್ಲಾ ಹೇಳ್ಕೊಟ್ಟಿದ್ದು ಆಯಮ್ಮಂಗೆ ಇದನ್ನ?" ಎಂದು ಕೇಳಿದರು.

"ನೀವೇ ಸಾರ್" ಎಂದೆ.